ಓಡದ ದಿನ ಏನು ಮಾಡಬೇಕು? ಓಟಗಾರರು ಕ್ರಾಸ್ ಟ್ರೇನಿಂಗ್ ಆರಿಸಿಕೊಳ್ಳುವ ಬಗೆ

ಕೆಲವು ವರ್ಷಗಳ ಹಿಂದಿನ ಮಾತು. ಆಗ ವಾರಕ್ಕೆ ನಾಲ್ಕು ದಿನ ಓಡುತ್ತಿದ್ದೆ. ಉಳಿದ ದಿನ ಸುಮ್ನೆ ಕೂರುವುದು ಯಾಕೆ ಅಂತ ಬುಧವಾರ ರಾತ್ರಿ ಬ್ಯಾಡ್ಮಿಂಟನ್ ಶುರು ಮಾಡಿದೆ. ಶುಕ್ರವಾರ ಆಫೀಸಿನ ಹನ್ನೊಂದು ಮಹಡಿಯ ಮೆಟ್ಟಿಲು. ಎರಡೂ ಒಳ್ಳೆಯ ವ್ಯಾಯಾಮವೇ, ಅಲ್ವಾ? ಆರನೇ ವಾರ ನೆಟ್ ಹತ್ತಿರ ಬಿದ್ದ ಶಟಲ್ ಎತ್ತಲು ಮುಂದಕ್ಕೆ ಜಿಗಿದೆ. ಬಲಗಾಲಿನ ಮೀನಖಂಡಕ್ಕೆ ಯಾರೋ ಕಲ್ಲು ಬೀಸಿ ಹೊಡೆದ ಹಾಗಾಯಿತು. ತಿರುಗಿ ನೋಡಿದರೆ ಹಿಂದೆ ಯಾರೂ ಇರಲಿಲ್ಲ. ಆ ವರ್ಷದ ಬೆಂಗಳೂರು ವರ್ಲ್ಡ್ 10ಕೆ ಓಟವನ್ನು ಟಿವಿಯಲ್ಲೇ ನೋಡಿದ್ದು.

ಬ್ಯಾಡ್ಮಿಂಟನ್ ಬೈದು ಏನು ಪ್ರಯೋಜನ? ಓಟ ಮೀನಖಂಡವನ್ನು ಹಿಂಡುತ್ತದೆ. ಮೆಟ್ಟಿಲು ಹತ್ತಿದರೂ ಹಿಂಡುವುದು ಅದನ್ನೇ. ಶಟಲ್ ಹಿಂದೆ ಜಿಗಿದರೂ ಅದನ್ನೇ. ವಾರಕ್ಕೆ ಆರು ದಿನ ಒಂದೇ ಖಾತೆಯಿಂದ ದುಡ್ಡು ತೆಗೆಯುತ್ತಿದ್ದೆ. ಪಾಸ್‌ಬುಕ್ ಮಾತ್ರ ಒಮ್ಮೆಯೂ ತೆರೆದು ನೋಡಿರಲಿಲ್ಲ.

ಮುಖ್ಯ ಆಟದ ಜೊತೆಗೆ ಅದಕ್ಕೆ ನೆರವಾಗಲಿ ಅಂತ ಮಾಡುವ ಬೇರೆ ವ್ಯಾಯಾಮಕ್ಕೆ ಕ್ರಾಸ್ ಟ್ರೇನಿಂಗ್ ಅನ್ನುತ್ತಾರೆ. ಈ ಬರಹ ಅದನ್ನು ಆರಿಸುವ ಮೊದಲು ನೋಡಬೇಕಾದ ಆ ಪಾಸ್‌ಬುಕ್ ಬಗ್ಗೆ. ಸೈಕಲ್ ಒಳ್ಳೆಯದೋ ಈಜು ಒಳ್ಳೆಯದೋ ಅಂತ ಕೇಳುವವರೇ ಜಾಸ್ತಿ. ಅದಕ್ಕೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ನನ್ನ ಆಟ ದೇಹದ ಯಾವ ಭಾಗದಿಂದ ಖರ್ಚು ಮಾಡುತ್ತಿದೆ? ಯಾವ ಭಾಗಕ್ಕೆ ಏನೂ ಹಾಕುತ್ತಿಲ್ಲ? ನನಗೆ ಗೊತ್ತಿರುವುದು 10 ಕಿಮೀ ಮತ್ತು ಹಾಫ್ ಮ್ಯಾರಥಾನ್ ಓಟ. ಹಾಗಾಗಿ ಉದಾಹರಣೆಗೆ ಓಟಗಾರರನ್ನೇ ಇಟ್ಟುಕೊಂಡಿದ್ದೇನೆ. ಬೇರೆ ಆಟದವರಿಗೂ ಕೊನೆಯ ಕಡೆ ಒಂದಿಷ್ಟು ಇದೆ.

ಹೆಜ್ಜೆ 1: ನಿಮ್ಮ ಆಟದ ಜಮಾ ಖರ್ಚು ಬರೆಯಿರಿ

ಒಂದು ಹಾಳೆ ತೆಗೆದುಕೊಳ್ಳಿ. ನಡುವೆ ಗೆರೆ ಎಳೆಯಿರಿ. ಎಡಗಡೆ ಖರ್ಚು, ಬಲಗಡೆ ಆಟ ಮುಟ್ಟದೇ ಬಿಟ್ಟದ್ದು.

ಓಟದ ಖರ್ಚು ಹೀಗಿದೆ. ನಿಮಿಷಕ್ಕೆ 160ರಿಂದ 180 ಹೆಜ್ಜೆ. ಒಂದು ಗಂಟೆ ಓಡಿದರೆ ಸುಮಾರು 10,000 ಹೆಜ್ಜೆ. ಪ್ರತಿ ಸಲ ಪಾದ ನೆಲಕ್ಕೆ ಬಿದ್ದಾಗ ಮೈತೂಕದ ಎರಡರಿಂದ ಮೂರು ಪಟ್ಟು ಭಾರ ಒಂದೇ ಕಾಲಿನ ಮೇಲೆ. 70 ಕೆಜಿ ಇರುವವರಿಗೆ 140ರಿಂದ 210 ಕೆಜಿ ಆಯಿತು. ಇದರಲ್ಲಿ ದೊಡ್ಡ ಪಾಲು ಹೋಗುವುದು ಮೀನಖಂಡದ ಒಳಗಿನ ಸೋಲಿಯಸ್ ಎಂಬ ಸ್ನಾಯುವಿಗೆ. ನಾವು ಅದರ ಹೆಸರನ್ನೇ ಕೇಳಿರುವುದಿಲ್ಲ. ಆದರೆ ಓಡುವಾಗ ಮೈತೂಕದ ಆರೇಳು ಪಟ್ಟು ಎಳೆತ ಅದರ ಮೇಲೆ ಬೀಳುತ್ತದೆ. ಅದರ ಜೊತೆಗೆ ಹಿಮ್ಮಡಿಯ ಮೇಲಿನ ಅಕಿಲಿಸ್ ಸ್ನಾಯುರಜ್ಜು, ಮೊಣಕಾಲಿನ ಕೆಳಗಿನ ಮುಂದಿನ ಎಲುಬು, ಪಾದದ ಸಣ್ಣ ಎಲುಬುಗಳು. ಎಡಗಡೆ ಬರೆಯಬೇಕಾದದ್ದು ಇವನ್ನು.

ಬಲಗಡೆ? ಓಟ ಒಂದೇ ದಿಕ್ಕಿನ ಕೆಲಸ. ಪಕ್ಕಕ್ಕೆ ಹೆಜ್ಜೆ ಇಲ್ಲ, ಮೈ ತಿರುಚುವುದು ತೀರ ಕಡಿಮೆ. ಮಂಡಿ ಪೂರ್ತಿ ಮಡಚುವುದಿಲ್ಲ. ಸೊಂಟದ ಪಕ್ಕದ ಸ್ನಾಯು ದೇಹ ವಾಲದಂತೆ ತಡೆಯುತ್ತದೆ. ಆದರೆ ಬರೀ ಓಟದಿಂದ ಅದು ಗಟ್ಟಿಯಾಗುವುದು ಕಡಿಮೆ. ಭುಜ, ಬೆನ್ನು, ತೋಳಿಗೆ ಕೆಲಸ ಇಲ್ಲವೇ ಇಲ್ಲ ಅಂದರೂ ನಡೆಯುತ್ತದೆ.

ಇದು ಎಲ್ಲ ಓಟಗಾರರ ಪಾಸ್‌ಬುಕ್. ನಿಮ್ಮದು ಇನ್ನೂ ಬೇರೆ ಇರುತ್ತದೆ. ಹಿಂದೆ ಎಲ್ಲಿ ಗಾಯ ಆಗಿತ್ತು ಅಂತ ಬರೆಯಿರಿ. ಮುಂದಿನ ಗಾಯ ಎಲ್ಲಿ ಆಗಬಹುದು ಎಂಬುದಕ್ಕೆ ಹಿಂದಿನ ಗಾಯಕ್ಕಿಂತ ಒಳ್ಳೆಯ ಸುಳಿವು ಇಲ್ಲ. ದಿನಕ್ಕೆ ಎಷ್ಟು ಗಂಟೆ ಕುರ್ಚಿಯಲ್ಲಿ ಕೂರುತ್ತೀರಿ ಅಂತಲೂ ಬರೆಯಿರಿ. ಆಮೇಲೆ ಮನೆಯಲ್ಲೇ ಮೂರು ಪರೀಕ್ಷೆ ಮಾಡಿ.

ಒಂಟಿ ಕಾಲಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸಿ. ಗೋಡೆಗೆ ಬೆರಳು ತಾಗಿಸಿಕೊಳ್ಳಬಹುದು, ಒರಗಬಾರದು. ಒಂದೊಂದು ಕಾಲಿಗೆ 25 ಸಲ ಆಗಬೇಕು. ಒಂದು ಕಾಲು 25, ಇನ್ನೊಂದು 14 ಬಂದರೆ ಕೆಲಸ ಎಲ್ಲಿದೆ ಅಂತ ಅಲ್ಲೇ ಗೊತ್ತಾಯಿತು.

ಎರಡನೆಯದು, ಒಂಟಿ ಕಾಲಲ್ಲಿ 30 ಸೆಕೆಂಡ್ ನಿಲ್ಲುವುದು. ಕನ್ನಡಿ ಮುಂದೆ ನಿಲ್ಲಿ. ಸೊಂಟ ಒಂದು ಕಡೆಗೆ ಜಾರುತ್ತಿದೆಯಾ ನೋಡಿ.

ಮೂರನೆಯದು ನಮ್ಮ ಅಜ್ಜಿಯರಿಗೆ ಪರೀಕ್ಷೆಯೇ ಆಗಿರಲಿಲ್ಲ. ಕುಕ್ಕರಗಾಲಿನಲ್ಲಿ ಕೂರುವುದು. ಹಿಮ್ಮಡಿ ನೆಲ ಬಿಡಬಾರದು. ಒಂದು ನಿಮಿಷ ಕೂತು ಸೊಪ್ಪು ಬಿಡಿಸಲು ಆಗದಿದ್ದರೆ ಪಾದದ ಕೀಲೋ ಸೊಂಟವೋ ಬಿಗಿದಿದೆ ಅಂತ ಅರ್ಥ. ನಾನು ಮೊದಲ ಸಲ ಹಿಂದಕ್ಕೆ ಬಿದ್ದೆ.

ಹೆಜ್ಜೆ 2: ಒಂದೇ ಒಂದು ಕಾರಣ ಆರಿಸಿ

ಕ್ರಾಸ್ ಟ್ರೇನಿಂಗ್ ಯಾಕೆ ಬೇಕು ಅಂತ ಕೇಳಿದರೆ ಎಲ್ಲರೂ ಐದಾರು ಕಾರಣ ಹೇಳುತ್ತಾರೆ. ಐದೂ ಕಾರಣಕ್ಕೆ ಒಂದೇ ಚಟುವಟಿಕೆ ಸಿಗುವುದಿಲ್ಲ. ಮೂರರಲ್ಲಿ ಒಂದನ್ನು ಹಿಡಿಯಿರಿ. ಕಾಲಿಗೆ ಹೊಡೆತ ಕೊಡದೆ ದಮ್ಮು ಹೆಚ್ಚಿಸಬೇಕಾ? ಬಲಗಡೆ ಬರೆದ ಖಾಲಿ ಜಾಗ ತುಂಬಬೇಕಾ? ಅಥವಾ ಓಟ ಬೇಜಾರಾಗಿ ತಲೆಗೆ ಬದಲಾವಣೆ ಬೇಕಾ? ಮೂರನೆಯದೂ ಸರಿಯಾದ ಕಾರಣವೇ. ನಾಚಿಕೆ ಪಡಬೇಕಿಲ್ಲ.

ಇಲ್ಲಿ ಒಂದು ಮಾತು ತಿಳಿದಿರಬೇಕು. ಹೃದಯಕ್ಕೆ ನೀವು ಓಡುತ್ತಿದ್ದೀರಾ, ಪೆಡಲ್ ತುಳಿಯುತ್ತಿದ್ದೀರಾ ಅಂತ ಅಷ್ಟಾಗಿ ಗೊತ್ತಾಗುವುದಿಲ್ಲ. ಜಾಸ್ತಿ ರಕ್ತ ಕಳಿಸು ಅಂದರೆ ಕಳಿಸುತ್ತದೆ, ಕಳಿಸಿ ಕಳಿಸಿ ಬಲವಾಗುತ್ತದೆ. ಕಾಲಿಗೆ ಹಾಗಲ್ಲ. ಅದು ಮಾಡಿದ ಕೆಲಸವನ್ನು ಮಾತ್ರ ಕಲಿಯುತ್ತದೆ. ಆದ್ದರಿಂದ ಸೈಕಲ್ಲಿನಲ್ಲಿ ಗಳಿಸಿದ ದಮ್ಮು ಓಟಕ್ಕೆ ಸಾಕಷ್ಟು ಬರುತ್ತದೆ. ಸೈಕಲ್ಲಿನಲ್ಲಿ ಗಳಿಸಿದ ಕಾಲು ಅಷ್ಟಾಗಿ ಬರುವುದಿಲ್ಲ.

2020ರ ಫೆಬ್ರವರಿ ನೆನಪಿದೆಯಾ? ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕೆಸರುಗದ್ದೆಯನ್ನು 13.62 ಸೆಕೆಂಡಿನಲ್ಲಿ ಮುಗಿಸಿದರು. ದೇಶವೆಲ್ಲ ಕೂತು ಭಾಗಾಕಾರ ಮಾಡಿತು. 100 ಮೀಟರಿಗೆ 9.55, ಬೋಲ್ಟ್‌ಗಿಂತ ಜೋರು ಅಂತ ಸುದ್ದಿಯೋ ಸುದ್ದಿ. ಕ್ರೀಡಾ ಪ್ರಾಧಿಕಾರದಿಂದ ಟ್ರಯಲ್‌ಗೆ ಕರೆ ಬಂತು. ಅವರು ಹೋಗಲಿಲ್ಲ. ಕಂಬಳದ ಓಟ ಬೇರೆ, ಟ್ರ್ಯಾಕಿನ ಓಟ ಬೇರೆ ಅಂದರು. ಮುಂದೆ ಕೋಣಗಳ ಎಳೆತ, ಕೆಳಗೆ ಕೆಸರು, ಕೈಯಲ್ಲಿ ಹಗ್ಗ. ಆ ಕಾಲು ಕಲಿತ ವಿದ್ಯೆ ಆ ಗದ್ದೆಯದು. ಅವತ್ತು ಇಡೀ ದೇಶದಲ್ಲಿ ಕ್ರೀಡಾ ವಿಜ್ಞಾನ ಸರಿಯಾಗಿ ಮಾತಾಡಿದವರು ಅವರೊಬ್ಬರೇ ಅಂತ ನನಗೆ ಅನಿಸುತ್ತದೆ.

ಹೆಜ್ಜೆ 3: ಮೂರು ಜರಡಿ ಹಿಡಿಯಿರಿ

ಮನಸ್ಸಿಗೆ ಬಂದ ಪ್ರತಿ ಚಟುವಟಿಕೆಯನ್ನೂ ಈ ಮೂರರಲ್ಲಿ ಸೋಸಿ.

ಮೊದಲ ಜರಡಿ: ಎಡಗಡೆಯ ಖಾತೆಯಿಂದಲೇ ಖರ್ಚು ಮಾಡುತ್ತದೆಯಾ? ಮಾಡಿದರೆ ಅದು ಓಟವೇ ಅಂತ ಲೆಕ್ಕ ಹಿಡಿಯಿರಿ. ಸ್ಕಿಪ್ಪಿಂಗ್, ಮೆಟ್ಟಿಲು, ಜಿಗಿತ ಜಾಸ್ತಿ ಇರುವ ಝುಂಬಾ, ಎಲ್ಲವೂ ಇಲ್ಲೇ ಸಿಕ್ಕಿಬೀಳುತ್ತವೆ. ಮಾಡಬಾರದು ಅಂತಲ್ಲ. ವಿಶ್ರಾಂತಿಯ ದಿನ ಮಾಡಬಾರದು.

ಎರಡನೆಯದು: ಎಷ್ಟು ಅಪಾಯ? ಮುಖ್ಯ ಆಟವನ್ನು ಉಳಿಸಲು ಮಾಡುವ ಕೆಲಸದಲ್ಲಿ ಮಂಡಿ ಮುರಿದುಕೊಂಡರೆ ಯಾರಿಗೆ ಹೇಳುವುದು?

ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. ಅದು ಎಷ್ಟು ದೂರದಲ್ಲಿದೆ? ಬೆಂಗಳೂರಿನಲ್ಲಿ 40 ನಿಮಿಷ ದೂರದ ಈಜುಕೊಳ ಅಂದರೆ ಇಲ್ಲದ ಈಜುಕೊಳ. ನಾನು ಹಾಕಿಕೊಂಡಿರುವ ಗೆರೆ 15 ನಿಮಿಷ. ಅದಕ್ಕಿಂತ ದೂರ ಇದ್ದರೆ ಮೂರನೇ ವಾರಕ್ಕೆ ನಿಲ್ಲಿಸುತ್ತೇನೆ ಅಂತ ಅನುಭವದಿಂದ ಗೊತ್ತು.

ಹೆಜ್ಜೆ 4: ಒಂದೊಂದನ್ನೇ ತೂಗಿ ನೋಡಿ

*ಶಕ್ತಿ ವ್ಯಾಯಾಮ.* ಇದನ್ನು ಆಯ್ಕೆಯ ಪಟ್ಟಿಯಲ್ಲಿ ಇಡಲೇಬಾರದು. ಇದು ಊಟದಲ್ಲಿ ಉಪ್ಪಿದ್ದ ಹಾಗೆ, ಬೇಕೇ ಬೇಕು. ವಾರಕ್ಕೆ ಎರಡು ಸಲ, ತಲಾ 30ರಿಂದ 40 ನಿಮಿಷ. ಐದು ಕೆಲಸ ಸಾಕು. ಮಂಡಿ ನೇರ ಇಟ್ಟು ಹಿಮ್ಮಡಿ ಎತ್ತುವುದು, ಮಂಡಿ ಮಡಚಿ ಹಿಮ್ಮಡಿ ಎತ್ತುವುದು (ಇದರಲ್ಲಿ ಭಾರ ಹೆಚ್ಚಾಗಿ ಸೋಲಿಯಸ್ ಮೇಲೆ), ಒಂದು ಕಾಲು ಹಿಂದಿಟ್ಟು ಕೂತು ಏಳುವ ಸ್ಪ್ಲಿಟ್ ಸ್ಕ್ವಾಟ್, ಒಂಟಿ ಕಾಲಲ್ಲಿ ನಿಂತು ಸೊಂಟದಿಂದ ಮುಂದಕ್ಕೆ ಬಗ್ಗಿ ಏಳುವ ಡೆಡ್‌ಲಿಫ್ಟ್, ಪಕ್ಕಕ್ಕೆ ಮಲಗಿ ಮೊಣಕೈ ಮೇಲೆ ಮೈ ಎತ್ತಿ ಹಿಡಿಯುವ ಸೈಡ್ ಪ್ಲ್ಯಾಂಕ್.

ಓಟಗಾರರು ಮಾಡುವ ದೊಡ್ಡ ತಪ್ಪು ಹಗುರ ಡಂಬೆಲ್ ಹಿಡಿದು 30 ಸಲ ಎತ್ತುವುದು. ತಾಳಿಕೆ ನಿಮಗೆ ಓಟದಿಂದಲೇ ಬರುತ್ತಿದೆ. ಇಲ್ಲಿ ಬೇಕಾದದ್ದು ಬಲ. ಆರರಿಂದ ಹತ್ತು ಸಲ ಎತ್ತುವಷ್ಟರಲ್ಲಿ ಸಾಕಪ್ಪಾ ಅನ್ನಿಸುವ ತೂಕ, ಮೂರು ಸುತ್ತು. ಮೊದಲ ತಿಂಗಳು ಮೈತೂಕದಲ್ಲೇ ಮಾಡಿ, ಆಮೇಲೆ ತೂಕ ಏರಿಸಿ. ಜಿಮ್ ಇಲ್ಲದಿದ್ದರೆ ಬ್ಯಾಗಿಗೆ ಅಕ್ಕಿ ತುಂಬಿ ಹೆಗಲಿಗೆ ಹಾಕಿಕೊಳ್ಳಿ.

ನಮ್ಮಲ್ಲಿ ಗರಡಿಮನೆಯ ಸಾಮು ಇದೆಯಲ್ಲ ಅಂತ ಮೈಸೂರಿನವರು ಕೇಳಬಹುದು. ದಂಡ ಓಟಗಾರರಿಗೆ ತುಂಬ ಒಳ್ಳೆಯದು, ಭುಜ ಬೆನ್ನು ಎರಡಕ್ಕೂ ಕೆಲಸ. ಗದೆ ತಿರುಗಿಸುವುದು ಇನ್ನೂ ಚೆನ್ನ. ಓಟದಲ್ಲಿ ಇಲ್ಲದ ತಿರುಚುವ ಬಲ ಅದರಲ್ಲಿದೆ. ಆದರೆ ನೂರಾರು ಬಸ್ಕಿ ಹೊಡೆಯುವುದು ಮತ್ತೆ ತಾಳಿಕೆಯ ಕೆಲಸ. ಓಟಗಾರರಿಗೆ 300 ಬಸ್ಕಿಗಿಂತ ಹೆಗಲ ಮೇಲೆ ಭಾರ ಹೊತ್ತ 8 ಬಸ್ಕಿ ವಾಸಿ.

*ಸೈಕಲ್.* ಹೊಡೆತ ಇಲ್ಲದೆ ಕಾಲಿಗೂ ಹೃದಯಕ್ಕೂ ಕೆಲಸ ಕೊಡಲು ಇದಕ್ಕಿಂತ ಸುಲಭದ್ದು ಇಲ್ಲ. ಸೀಟಿನ ಎತ್ತರ ಮೊದಲು ಸರಿಮಾಡಿ. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಕೆಳಗೆ ತಳ್ಳಿ. ಆಗ ಕಾಲು ನೇರ ಆಗಬೇಕು. ಪಾದದ ಮುಂಭಾಗ ಇಟ್ಟು ತುಳಿಯುವಾಗ ಮಂಡಿ ಸ್ವಲ್ಪ ಮಡಚಿರುತ್ತದೆ, ಅಷ್ಟೇ ಬೇಕಾದದ್ದು. ಸೀಟು ತಗ್ಗಿದ್ದರೆ ಮಂಡಿಯ ಮುಂಭಾಗ ನೋಯುತ್ತದೆ. ಭಾರದ ಗೇರ್ ಹಾಕಿ ಒದ್ದಾಡಬೇಡಿ. ನಿಮಿಷಕ್ಕೆ 85ರಿಂದ 95 ಸುತ್ತು ಬರುವ ಗೇರ್ ಹಿಡಿಯಿರಿ. ಓಟದಲ್ಲಿ ಒಂದು ಕಾಲು ನಿಮಿಷಕ್ಕೆ ಬೀಳುವುದೂ ಹೆಚ್ಚುಕಮ್ಮಿ ಅಷ್ಟೇ ಸಲ.

ಸೈಕಲ್ಲಿಗೆ ಎರಡು ಕೊರತೆ ಇದೆ. ಅದು ಎಲುಬಿಗೆ ಏನೂ ಕೊಡುವುದಿಲ್ಲ. ಎಲುಬು ಗಟ್ಟಿಯಾಗಲು ಹೊಡೆತ ಬೇಕು. ಬರೀ ಸೈಕಲ್ ತುಳಿಯುವ ಸ್ಪರ್ಧಿಗಳಲ್ಲಿ ಬೆನ್ನೆಲುಬಿನ ಸಾಂದ್ರತೆ ಕಡಿಮೆ ಇರುವುದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ಎರಡನೆಯದು, ಸೈಕಲ್ ಮೇಲೂ ಕೂತೇ ಇರುತ್ತೇವೆ. ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಸಂಜೆ ಮತ್ತೆ ಬಗ್ಗಿ ಕೂತರೆ ಸೊಂಟದ ಮುಂಭಾಗ ಬಿಗಿಯುತ್ತದೆ.

ಇನ್ನೊಂದು ಮಾತು. ಭಾನುವಾರ ಬೆಳಿಗ್ಗೆ ಗೆಳೆಯರ ಗುಂಪಿನ ಜೊತೆ ನಂದಿಬೆಟ್ಟ ಹತ್ತುವುದು ಹಗುರ ದಿನ ಆಗುವುದಿಲ್ಲ. ಬುಡದಿಂದ ತುದಿಗೆ ಸುಮಾರು 8 ಕಿಮೀ ಏರು. ಪಕ್ಕದಲ್ಲಿ ಯಾರೋ ದಾಟಿದ ಕೂಡಲೇ ರೇಸ್ ಶುರುವಾಗುತ್ತದೆ. ಅದನ್ನು ಕಠಿಣ ದಿನದ ಲೆಕ್ಕಕ್ಕೇ ಬರೆಯಿರಿ.

*ಈಜು.* ಹಳ್ಳಿಯಲ್ಲಿ ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು ಬಾವಿಗೆ ಧುಮುಕಿ ಕಲಿತವರು ಈ ಭಾಗವನ್ನು ಬಿಡಬಹುದು. ಉಳಿದವರಿಗೆ ಒಂದು ಎಚ್ಚರಿಕೆ. ಹಾಫ್ ಮ್ಯಾರಥಾನ್ ಓಡುವವರೂ 25 ಮೀಟರ್ ಈಜಿ ಗೋಡೆ ಹಿಡಿದು ಏದುಸಿರು ಬಿಡುತ್ತಾರೆ. ಇದಕ್ಕೆ ದಮ್ಮು ಕಾರಣ ಅಲ್ಲ. ಓಟಗಾರರ ಪಾದದ ಕೀಲು ಬಿಗಿ. ಪಾದ ಹಿಂದಕ್ಕೆ ಬಾಗದೆ ಕೊಕ್ಕೆಯ ಹಾಗೆ ನಿಲ್ಲುತ್ತದೆ, ಕಾಲು ಮುಳುಗುತ್ತದೆ, ದೇಹ ನೀರನ್ನು ತಳ್ಳಿಕೊಂಡು ಹೋಗುತ್ತದೆ. ಮೊದಲ ಎರಡು ತಿಂಗಳು ಈಜನ್ನು ತರಗತಿ ಅಂತ ತಿಳಿಯಿರಿ, ತರಬೇತಿ ಅಂತ ಬೇಡ. ಆಮೇಲೆ ಅದರ ರುಚಿ ಗೊತ್ತಾಗುತ್ತದೆ. ಭುಜಕ್ಕೆ ಕೆಲಸ, ಕಾಲಿಗೆ ರಜೆ. ಲಾಂಗ್ ರನ್ (ವಾರದ ಅತಿ ಉದ್ದದ ಓಟ) ಹಿಂದಿನ ದಿನಕ್ಕೆ ಹೇಳಿ ಮಾಡಿಸಿದ್ದು. ಬ್ರೆಸ್ಟ್ ಸ್ಟ್ರೋಕ್ ಮಾತ್ರ ಮಿತಿಯಲ್ಲಿರಲಿ, ಅದರ ಒದೆತ ಮಂಡಿಯ ಒಳಬದಿಯನ್ನು ಎಳೆಯುತ್ತದೆ.

*ನೀರಿನಲ್ಲಿ ಓಟ.* ಆಳದ ಕಡೆ ತೇಲುವ ಬೆಲ್ಟ್ ಕಟ್ಟಿಕೊಂಡು, ಪಾದ ತಳಕ್ಕೆ ತಾಗದಂತೆ ಓಡುವುದು. ನೋಡುವವರು ನಗುತ್ತಾರೆ. ಒಂದು ಗಂಟೆ ಗೋಡೆ ನೋಡಿಕೊಂಡು ಇರಬೇಕು, ಬೇಜಾರಿನಲ್ಲಿ ಇದಕ್ಕೆ ಸಾಟಿ ಇಲ್ಲ. ಆದರೆ ತರಬೇತಿ ಪಡೆದ ಓಟಗಾರರು ನಾಲ್ಕರಿಂದ ಆರು ವಾರ ಬರೀ ಇದನ್ನೇ ಮಾಡಿ ದಮ್ಮನ್ನು ಹೆಚ್ಚುಕಮ್ಮಿ ಹಾಗೇ ಉಳಿಸಿಕೊಂಡಿರುವುದು ಪ್ರಯೋಗಗಳಲ್ಲಿ ಕಂಡಿದೆ. ಕಾಲಿಗೆ ಗಾಯ ಆದವರಿಗೆ ಇದು ಚಿನ್ನ. ಚೆನ್ನಾಗಿರುವವರು ಇದಕ್ಕೆ ಕೈ ಹಾಕುವುದೇ ಬೇಡ.

*ಎಲಿಪ್ಟಿಕಲ್.* ಜಿಮ್ಮಿನ ಮೂಲೆಯಲ್ಲಿ ಯಾರೂ ಮುಟ್ಟದ ಯಂತ್ರ, ನಿಂತುಕೊಂಡೇ ಎರಡು ಪೆಡಲ್‌ಗಳನ್ನು ಅಂಡಾಕಾರವಾಗಿ ತುಳಿಯುವಂಥದ್ದು. ನಾನೂ ಹಗುರವಾಗಿ ಕಂಡಿದ್ದೆ. ಅಮೆರಿಕದ ಪಾರ್ಕರ್ ವಾಲ್ಬಿ ಎಂಬ ಓಟಗಾರ್ತಿ ಗಾಯದ ಕಾಟದಿಂದ ವಾರಕ್ಕೆ ಎರಡು ಮೂರು ದಿನ ಮಾತ್ರ ಓಡಿ, ಉಳಿದದ್ದನ್ನು ಇಂಥದ್ದೇ ಯಂತ್ರದ ಮೇಲೆ ಮತ್ತು ಕೊಳದಲ್ಲಿ ಮಾಡುತ್ತಿದ್ದರು. ಹಾಗೆ ಮಾಡಿಯೇ 2023ರಲ್ಲಿ ಕಾಲೇಜು ಕ್ರಾಸ್ ಕಂಟ್ರಿ ಚಾಂಪಿಯನ್ ಆದರು, 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದರು. ಓಡುವ ಭಂಗಿಗೆ ಹತ್ತಿರ, ಹೊಡೆತ ಇಲ್ಲ, ಮಳೆಗಾಲಕ್ಕೂ ಸರಿ.

*ಯೋಗ.* ಇದರ ಬಗ್ಗೆ ನನ್ನ ಮಾತು ಕೆಲವರಿಗೆ ಹಿಡಿಸದಿರಬಹುದು. ಓಟಗಾರರಿಗೆ ಸಿಕ್ಕಾಪಟ್ಟೆ ಬಾಗುವ ಶಕ್ತಿ ಬೇಕಿಲ್ಲ. ಕಾಲಿನ ಸ್ನಾಯುರಜ್ಜು ಸ್ಪ್ರಿಂಗ್ ತರ ಕೆಲಸ ಮಾಡುತ್ತದೆ, ಅದಕ್ಕೆ ಸ್ವಲ್ಪ ಬಿಗಿ ಇರಬೇಕು. ಪಿರ್ರೆಯ ಕೆಳಗೆ, ಕೂತಾಗ ನೆಲಕ್ಕೆ ಒತ್ತುವ ಮೂಳೆಯ ಬಳಿ ನೋವಿದ್ದರೆ ಪಶ್ಚಿಮೋತ್ತಾನಾಸನದಂಥ ಮುಂದಕ್ಕೆ ಬಗ್ಗುವ ಆಸನ ನೋವನ್ನು ಹೆಚ್ಚಿಸುತ್ತದೆ. ಎಳೆದರೆ ಸರಿಹೋಗುತ್ತದೆ ಅಂತ ಎಳೆದು ಎಳೆದು ತಿಂಗಳುಗಟ್ಟಲೆ ನರಳಿದವರನ್ನು ನೋಡಿದ್ದೇನೆ. ನಿಮ್ಮ ಖಾಲಿ ಜಾಗ ತುಂಬುವ ಆಸನಗಳನ್ನೇ ಆರಿಸಿ. ಕುಕ್ಕರಗಾಲು ಬಾರದವರಿಗೆ ಮಲಾಸನ. ಸೊಂಟದ ಮುಂಭಾಗಕ್ಕೆ ಆಂಜನೇಯಾಸನ. ಪಿರ್ರೆಗೆ ಸೇತುಬಂಧ. ಸಮತೋಲಕ್ಕೆ ವೃಕ್ಷಾಸನ ಮತ್ತು ಮೂರನೇ ವೀರಭದ್ರಾಸನ. 25 ನಿಮಿಷ ಧಾರಾಳ.

*ಬ್ಯಾಡ್ಮಿಂಟನ್, ಫುಟ್‌ಬಾಲ್.* ಪಕ್ಕಕ್ಕೆ ಓಡುವುದು, ತಟ್ಟನೆ ತಿರುಗುವುದು, ಓಟದಲ್ಲಿ ಇಲ್ಲದ್ದೆಲ್ಲ ಇಲ್ಲಿದೆ. ಖರ್ಚೂ ಅಷ್ಟೇ ಇದೆ. ಅಕಿಲಿಸ್ ಹರಿದುಕೊಂಡು ಬರುವ ನಲವತ್ತರ ಆಸುಪಾಸಿನವರಲ್ಲಿ ಬ್ಯಾಡ್ಮಿಂಟನ್ ಆಡುವವರು ಬಹಳ. ರೇಸ್ ಹತ್ತಿರ ಇಲ್ಲದ ತಿಂಗಳಲ್ಲಿ ಆಡಿ.

*ಬೆಟ್ಟ.* ಹತ್ತುವುದು ಒಳ್ಳೆಯದು, ಇಳಿಯುವುದು ದುಬಾರಿ. ಇಳಿಯುವಾಗ ತೊಡೆಯ ಮುಂಭಾಗ ಹಿಗ್ಗುತ್ತಲೇ ಭಾರ ತಡೆಯಬೇಕು, ಅದಕ್ಕೇ ಕುಮಾರ ಪರ್ವತ ಇಳಿದವರು ಎರಡು ದಿನ ಮೆಟ್ಟಿಲು ಇಳಿಯಲು ಪರದಾಡುವುದು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ ದೇವಿಗೆ ಕೈಮುಗಿದು ಬಸ್ಸಿನಲ್ಲಿ ಇಳಿಯಿರಿ. ಆದರೂ ಮೀನಖಂಡದ ಲೆಕ್ಕಕ್ಕೆ ಬರೆಯುವುದನ್ನು ಮರೆಯಬೇಡಿ.

ಹೆಜ್ಜೆ 5: ಸೇರಿಸಬೇಡಿ, ಬದಲಿಸಿ

ಇಲ್ಲಿಗೆ ಬಂದವರು ಸಾಮಾನ್ಯವಾಗಿ ನಾಲ್ಕು ದಿನದ ಓಟ ಹಾಗೇ ಇಟ್ಟು ಮೇಲೆ ಮೂರು ದಿನ ತುಂಬಿಸುತ್ತಾರೆ. ಮೊದಲ ಮೂರು ವಾರ ಹಾಗೆ ಮಾಡಬೇಡಿ. ಒಂದು ಹಗುರ ಓಟ ತೆಗೆದು ಆ ಜಾಗಕ್ಕೆ ಸೈಕಲ್ ಇಡಿ. ದೇಹ ಒಪ್ಪಿದರೆ ನಾಲ್ಕನೇ ವಾರ ಆ ಓಟ ವಾಪಸ್ ತನ್ನಿ.

ಕಿಲೋಮೀಟರ್ ಲೆಕ್ಕ ಬೇಡ. 10 ಕಿಮೀ ಓಟಕ್ಕೆ ಎಷ್ಟು ಕಿಮೀ ಸೈಕಲ್ ಸಮ ಅಂತ ತಲೆ ಕೆಡಿಸಿಕೊಳ್ಳಬೇಡಿ. ನಿಮಿಷ ಮತ್ತು ಉಸಿರು, ಇವೆರಡೇ ಅಳತೆ. 45 ನಿಮಿಷದ ಹಗುರ ಓಟದ ಬದಲು 45ರಿಂದ 60 ನಿಮಿಷದ ಹಗುರ ಸೈಕಲ್. ಪೂರ್ತಿ ವಾಕ್ಯ ಮಾತಾಡಲು ಆಗುತ್ತಿದ್ದರೆ ಹಗುರ. ಮೂರು ನಾಲ್ಕು ಪದಕ್ಕೆ ಉಸಿರು ಕಟ್ಟಿದರೆ ಕಠಿಣ. ವಾಚ್ ನೋಡುವವರಿಗೆ ಒಂದು ಸೂಚನೆ: ಅಷ್ಟೇ ಶ್ರಮಕ್ಕೆ ಸೈಕಲ್ಲಿನಲ್ಲಿ ನಾಡಿಬಡಿತ ಓಟಕ್ಕಿಂತ 5ರಿಂದ 10 ಕಡಿಮೆ ಇರುತ್ತದೆ. ಈಜಿನಲ್ಲಿ ಇನ್ನೂ ಸ್ವಲ್ಪ ಇಳಿಯಬಹುದು. ಓಟದ ನಾಡಿಬಡಿತವನ್ನೇ ಸೈಕಲ್ಲಿನಲ್ಲಿ ಮುಟ್ಟಲು ಹೋದರೆ ಹಗುರ ದಿನ ಕಠಿಣ ದಿನ ಆಗಿಬಿಡುತ್ತದೆ.

ಹೆಜ್ಜೆ 6: ವಾರದಲ್ಲಿ ಸರಿಯಾದ ಜಾಗಕ್ಕೆ ಇಡಿ

ನನ್ನ ಈಗಿನ ವಾರ ಹೀಗಿದೆ. ಸೋಮವಾರ ಪೂರ್ತಿ ರಜೆ. ಮಂಗಳವಾರ ಬೆಳಿಗ್ಗೆ ವೇಗದ ಓಟ, ಸಂಜೆ ಶಕ್ತಿ ವ್ಯಾಯಾಮ. ಬುಧವಾರ 45 ನಿಮಿಷ ಸೈಕಲ್, ಹಗುರ. ಗುರುವಾರ ಬೆಳಿಗ್ಗೆ ಮಧ್ಯಮ ವೇಗದ ಓಟ, ಸಂಜೆ ಶಕ್ತಿ ವ್ಯಾಯಾಮ, ಸ್ವಲ್ಪ ಕಡಿಮೆ. ಶುಕ್ರವಾರ ಹಗುರ ಓಟ. ಶನಿವಾರ ಈಜು ಅಥವಾ ಯೋಗ, ಅರ್ಧ ಗಂಟೆ. ಭಾನುವಾರ ಲಾಂಗ್ ರನ್.

ಕಷ್ಟದ ಓಟದ ದಿನವೇ ಶಕ್ತಿ ವ್ಯಾಯಾಮ ಯಾಕೆ ಅಂತ ಕೇಳುತ್ತಾರೆ. ಹಗುರ ದಿನಕ್ಕೆ ಅದನ್ನು ತಳ್ಳಿದರೆ ಹಗುರ ದಿನವೇ ಉಳಿಯುವುದಿಲ್ಲ. ಕಷ್ಟ ಎಲ್ಲ ಒಂದೇ ದಿನ ಮುಗಿಸಿ, ಮರುದಿನ ದೇಹ ರಿಪೇರಿ ಮಾಡಿಕೊಳ್ಳಲಿ. ಬೆಳಿಗ್ಗೆಗೂ ಸಂಜೆಗೂ ಕನಿಷ್ಠ ಆರು ಗಂಟೆ ಅಂತರ ಇರಲಿ.

ಈ ಅಂತರದ ಹಿಂದೆ ಒಂದು ಹಳೆಯ ಪ್ರಯೋಗ ಇದೆ. 1980ರಲ್ಲಿ ರಾಬರ್ಟ್ ಹಿಕ್ಸನ್ ಎಂಬ ವಿಜ್ಞಾನಿ ಹತ್ತು ವಾರ ಮೂರು ಗುಂಪುಗಳನ್ನು ನೋಡಿದರು. ಬರೀ ತೂಕ ಎತ್ತುವವರು, ಬರೀ ತಾಳಿಕೆಯ ತರಬೇತಿ ಮಾಡುವವರು, ಎರಡೂ ಮಾಡುವವರು. ಎರಡೂ ಮಾಡಿದವರ ಬಲ ಏಳನೇ ವಾರದ ಹೊತ್ತಿಗೆ ನಿಂತುಬಿಟ್ಟಿತು, ಕೊನೆಗೆ ಇಳಿಯಿತು. ಅವರ ದಮ್ಮಿಗೆ ಮಾತ್ರ ಏನೂ ಆಗಲಿಲ್ಲ. ಅಂದರೆ ಓಟಗಾರರು ತೂಕ ಎತ್ತಲು ಹೆದರಬೇಕಿಲ್ಲ. ಪವರ್‌ಲಿಫ್ಟಿಂಗ್ ನಿಮ್ಮ ಮುಖ್ಯ ಆಟವಾಗಿದ್ದರೆ ಓಟದ ಬಗ್ಗೆ ಎರಡು ಸಲ ಯೋಚಿಸಿ.

ಹೆಜ್ಜೆ 7: ಕ್ಯಾಲೆಂಡರ್ ನೋಡಿ

ವರ್ಷವಿಡೀ ಒಂದೇ ಅಳತೆ ಸರಿಹೋಗುವುದಿಲ್ಲ. ಏಪ್ರಿಲ್ ಕೊನೆಗೆ 10ಕೆ ಇದೆ ಅಂದುಕೊಳ್ಳಿ. ಮೇ, ಜೂನ್ ತಿಂಗಳಲ್ಲಿ ಆಟ, ಬೆಟ್ಟ, ಈಜು ಕಲಿಕೆ, ಏನು ಬೇಕಾದರೂ ಮಾಡಿ. ಮಳೆಗಾಲದಲ್ಲಿ ಶಕ್ತಿ ವ್ಯಾಯಾಮಕ್ಕೆ ಹೆಚ್ಚು ಒತ್ತು. ಹೊಸ ವರ್ಷದಿಂದ ಓಟ ಏರುತ್ತದೆ, ಉಳಿದದ್ದು ಇಳಿಯುತ್ತದೆ. ಕೊನೆಯ ಎಂಟು ವಾರ ಹೊಸದೇನೂ ಬೇಡ. ಕೊನೆಯ ಹತ್ತು ದಿನ ಭಾರದ ತೂಕವೂ ಬೇಡ.

ಗಾಯ ಆಗಿದ್ದರೆ

1984ರ ಏಪ್ರಿಲ್‌ನಲ್ಲಿ ಅಮೆರಿಕದ ಮ್ಯಾರಥಾನ್ ಓಟಗಾರ್ತಿ ಜೋನ್ ಬೆನೋಯಿಟ್ ಅವರಿಗೆ ಮಂಡಿಯ ಶಸ್ತ್ರಚಿಕಿತ್ಸೆ ಆಯಿತು. ಒಲಿಂಪಿಕ್ ಟ್ರಯಲ್ಸ್‌ಗೆ, ಅಂದರೆ ತಂಡದ ಆಯ್ಕೆಯ ಓಟಕ್ಕೆ, ಉಳಿದಿದ್ದು 17 ದಿನ. ಕಾಲು ಆಡಿಸಲು ಆಗದಿದ್ದಾಗ ಅವರು ಪೆಡಲನ್ನು ಕೈಯಿಂದಲೇ ತಿರುಗಿಸಿ ದಮ್ಮು ಉಳಿಸಿಕೊಂಡರು. ಟ್ರಯಲ್ಸ್ ಗೆದ್ದರು. ಆಗಸ್ಟ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಒಲಿಂಪಿಕ್ಸ್‌ನ ಮೊಟ್ಟಮೊದಲ ಮಹಿಳಾ ಮ್ಯಾರಥಾನ್ ಕೂಡ ಗೆದ್ದರು, 2 ಗಂಟೆ 24 ನಿಮಿಷ 52 ಸೆಕೆಂಡಿನಲ್ಲಿ. ಮಂಡಿ ಕೂತರೂ ಹೃದಯ ಕೂರಬೇಕಿಲ್ಲ ಅಂತ ಅವರಿಗೆ ಗೊತ್ತಿತ್ತು.

ನಮ್ಮ ನಿಮ್ಮಂಥವರು ಹೀಗೆ ನೋಡಬೇಕು. ಚಟುವಟಿಕೆ ಮಾಡುವಾಗ ನೋವು ಹತ್ತಕ್ಕೆ ಮೂರು ದಾಟಬಾರದು. ಮರುದಿನ ಬೆಳಿಗ್ಗೆ ನಿನ್ನೆಗಿಂತ ಜಾಸ್ತಿ ಇರಬಾರದು. ಎರಡರಲ್ಲಿ ಒಂದು ತಪ್ಪಿದರೂ ಆ ಚಟುವಟಿಕೆ ಬಿಡಿ. ಅಕಿಲಿಸ್ ನೋವಿದ್ದರೆ ಸೈಕಲ್ ಪೆಡಲನ್ನು ಪಾದದ ಮಧ್ಯದಿಂದ ತುಳಿಯಿರಿ. ಮಂಡಿಯ ಮುಂಭಾಗ ನೋಯುತ್ತಿದ್ದರೆ ಸೀಟು ಸ್ವಲ್ಪ ಏರಿಸಿ ನೋಡಿ, ಆಗದಿದ್ದರೆ ನೀರಿಗೆ ಇಳಿಯಿರಿ. ಎಲುಬಿನ ಮೇಲೆ ಒಂದೇ ಜಾಗದಲ್ಲಿ ಬೆರಳಿಟ್ಟರೆ ಚುಚ್ಚುವ ನೋವು, ಒಂಟಿ ಕಾಲಲ್ಲಿ ಕುಪ್ಪಳಿಸಲು ಆಗದಿರುವುದು, ರಾತ್ರಿ ಮಲಗಿದಾಗಲೂ ನೋವು, ಇವುಗಳಲ್ಲಿ ಯಾವುದಿದ್ದರೂ ಎಲುಬು ಬಿರುಕು ಬಿಟ್ಟಿರಬಹುದು. ಆಗ ಇಂಥ ಬರಹ ಓದುತ್ತಾ ಕೂರದೆ ವೈದ್ಯರ ಹತ್ತಿರ ಹೋಗಿ.

ಬೇರೆ ಆಟದವರಿಗೆ

ಹಾಳೆ ಅದೇ, ಬರೆಯುವುದು ಬೇರೆ. ಈಜುಗಾರರಿಗೂ ಸೈಕಲ್ಲಿನವರಿಗೂ ಬಲಗಡೆ ದೊಡ್ಡದಾಗಿ ಕಾಣುವುದು ಎಲುಬು. ಅವರಿಗೆ ಸ್ಕಿಪ್ಪಿಂಗ್, ತೂಕ, ಸ್ವಲ್ಪ ಓಟ ಬೇಕು. ನಾನು ಬೇಡ ಅಂದದ್ದೇ ಅವರಿಗೆ ಔಷಧಿ. ವೇಗದ ಬೌಲರ್‌ಗಳಿಗೆ ಖರ್ಚು ಸೊಂಟದ ಹಿಂದಿನ ಬೆನ್ನೆಲುಬಿನಲ್ಲಿ. ಪ್ರತಿ ಎಸೆತದಲ್ಲೂ ಬೆನ್ನು ಹಿಂದಕ್ಕೆ ಬಾಗಿ, ಪಕ್ಕಕ್ಕೆ ವಾಲಿ, ತಿರುಚುತ್ತದೆ. ಬುಮ್ರಾ 2023ರಲ್ಲಿ ನ್ಯೂಜಿಲೆಂಡಿಗೆ ಹೋಗಿ ಬೆನ್ನಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ತಿಂಗಳುಗಟ್ಟಲೆ ಹೊರಗಿದ್ದದ್ದು ಎಲ್ಲರಿಗೂ ಗೊತ್ತು. ಇಂಥವರು ದಮ್ಮಿಗೆ ಸೈಕಲ್ ಹಿಡಿಯಬಹುದು. ಬೆನ್ನು ಹಿಂದಕ್ಕೆ ಬಗ್ಗಿಸುವ ಬಟರ್‌ಫ್ಲೈ ಈಜು, ಚಕ್ರಾಸನ ಬೇಡ. ಕಬಡ್ಡಿಯವರಿಗೆ ಗರಡಿಯ ಕುಸ್ತಿ ಚೆನ್ನಾಗಿ ಹೊಂದುತ್ತದೆ, ಹಿಡಿತ ಮತ್ತು ಕತ್ತಿನ ಬಲ ಎರಡೂ ಸಿಗುತ್ತವೆ. ಆದರೆ ಟೂರ್ನಿ ನಡುವೆ ಬೇಡ, ಅದೂ ಅದೇ ಭುಜ ಮಂಡಿಗಳ ಖರ್ಚು.

ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಇದ್ಯಾವುದೂ ಬೇಡ. ಲಗೋರಿ, ಕುಂಟೆಬಿಲ್ಲೆ, ಮರ ಹತ್ತುವುದು, ಒಂದೆರಡು ಆಟ. ಅವರ ಪಾಸ್‌ಬುಕ್ ತಾನಾಗಿ ತುಂಬುತ್ತದೆ.

ಹೆಜ್ಜೆ 8: ನಾಲ್ಕು ವಾರಕ್ಕೆ ಲೆಕ್ಕ ನೋಡಿ

ಡೈರಿಯಲ್ಲಿ ದಿನಕ್ಕೆ ಮೂರೇ ಸಾಲು. ಎದ್ದಾಗ ಕಾಲು ಹೇಗಿತ್ತು, ಎಷ್ಟು ನಿಮಿಷ ಏನು ಮಾಡಿದೆ, ಹತ್ತಕ್ಕೆ ಎಷ್ಟು ಕಷ್ಟ ಅನಿಸಿತು. ನಾಲ್ಕು ವಾರ ಆದಮೇಲೆ ಮಂಗಳವಾರದ ವೇಗದ ಓಟ ನೋಡಿ. ಅದು ಮೊದಲಿನಷ್ಟೇ ಚೆನ್ನಾಗಿದೆಯಾ? ಆಗಿದ್ದರೆ ನಿಮ್ಮ ಆಯ್ಕೆ ಸರಿ. ಮಂಗಳವಾರ ಬೆಳಿಗ್ಗೆ ಕಾಲು ಸತ್ತ ಹಾಗಿದ್ದರೆ, ಹಿಂದಿನ ಮೂರು ದಿನದ ಸಾಲು ಓದಿ. ಕಳ್ಳ ಅಲ್ಲೇ ಸಿಗುತ್ತಾನೆ. ಹೊಸ ಹೆಲ್ಮೆಟ್ಟಿಗೆ ದುಡ್ಡು ಕೊಟ್ಟಿದ್ದೇನೆ, ಈಜುಕೊಳದ ಆರು ತಿಂಗಳ ಪಾಸ್ ಇದೆ ಅಂತೆಲ್ಲ ನೋಡಬೇಡಿ. ಬಿಟ್ಟುಬಿಡಿ, ಇನ್ನೊಂದು ಹಿಡಿಯಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತು ಅಂತ ಗೊತ್ತಾಗುವುದಿಲ್ಲ.

ಬ್ಯಾಡ್ಮಿಂಟನ್ ಈಗಲೂ ಆಡುತ್ತೇನೆ. ಮೇ ಜೂನ್‌ನಲ್ಲಿ ಮಾತ್ರ, ವಾರಕ್ಕೊಂದು ಸಲ, ಬರೀ ಡಬಲ್ಸ್. ಆಡುವ ಮೊದಲು ಹತ್ತು ನಿಮಿಷ ಮೈ ಬಿಸಿ ಮಾಡಿಕೊಳ್ಳುತ್ತೇನೆ. ನೆಟ್ ಹತ್ತಿರ ಬಿದ್ದ ಶಟಲ್ ಪಾರ್ಟ್‌ನರ್‌ದು.